ಸಂಜೆಗೆ ಮಾತ್ರ ಹೊಗೆಯಾಡಿದ ಒಲೆ

ಅದು ಆನಂದ ಸಂವತ್ಸರದ ಮಾರ್ಗಶಿರ ಮಾಸ. ನರಗುಂದದಲ್ಲಿ ದೊಡ್ಡ ಗದ್ದಲವೆದ್ದು ಸುತ್ತಲಿನ ಊರುಗಳೆಲ್ಲ ನಡುಗಿದವಲ್ಲ, ಅದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ಆಗ ನಾನು ರೋಣದಲ್ಲಿ ಒಲೆ ಮಾಡುತ್ತಿದ್ದೆ. ನಮ್ಮದು ಕುಂಬಾರರ ಮನೆ. ಗಡಿಗೆ ತಿರುಗಿಸುವ ತಿಗರಿಗೆ ಹೆಂಗಸರು ಕೈ ಹಚ್ಚಬಾರದು ಎನ್ನುತ್ತಿದ್ದರು, ಹಾಗಾಗಿ ಗಡಿಗೆ ಹರವಿಗಳೆಲ್ಲ ಗಂಡನ ಪಾಲು, ಒಲೆಗಳು ನನ್ನ ಪಾಲು. ಸಣ್ಣವನ್ನು ರೋಣ, ನರಗುಂದ, ಗಜೇಂದ್ರಗಡದ ಸಂತೆಗಳಲ್ಲಿ ಮಾರುತ್ತಿದ್ದೆ. ದೊಡ್ಡ ಒಲೆ ಬೇಕೆಂದವರ ಮನೆಗೆ ಹೋಗಿ, ಅಡುಗೆಮನೆಯಲ್ಲೇ ಕುಳಿತು ಕಟ್ಟಿಕೊಡುತ್ತಿದ್ದೆ.

ಒಲೆಯೆಂದರೆ ಎಲ್ಲವೂ ಒಂದೇ ಎಂದುಕೊಂಡವರು ಬಹಳ. ಒಂಟಿ ಒಲೆಗೆ ಒಂದೇ ಬಾಯಿ, ಒಂದೇ ಗಡಿಗೆ. ಇಬ್ಬರು ಮೂವರಿದ್ದರೆ ಸಾಕು. ಕೋಡೊಲೆಗೆ ಹಿಂದೆ ಇನ್ನೊಂದು ಕುಳಿ ಇರುತ್ತದೆ. ಮುಂದಿನ ಹಂಚಿನ ಮೇಲೆ ರೊಟ್ಟಿ ಬೇಯುವಾಗ ಒಳಗಿಂದ ಹಾಯ್ದ ಉರಿಗೆ ಹಿಂದೆ ಬೇಳೆ ಬೇಯುತ್ತದೆ, ಉರುವಲೂ ಉಳಿಯುತ್ತದೆ. ಸೆಗಡಿಗೆ ಇದ್ದಿಲು ಬೇಕು. ಹಾಲು ಕಾಯಿಸಲು, ಚಳಿಯಲ್ಲಿ ಕೈ ಕಾಸಲು ಅದು ಚಂದ. ನಮ್ಮ ಎರೆಭೂಮಿಯಲ್ಲಿ ಕಟ್ಟಿಗೆ ಕಡಿಮೆ. ಸೆಗಣಿಯ ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯೇ ಆಧಾರ. ಕುಳ್ಳು ನಿಧಾನಕ್ಕೆ ಉರಿಯುತ್ತದೆ, ಅದಕ್ಕೆ ಒಲೆಯ ಬಾಯಿ ಅಗಲವಿರಬೇಕು. ಹತ್ತಿಕಟ್ಟಿಗೆ ಭಗ್ಗೆಂದು ಹತ್ತಿ ಆರಿಹೋಗುತ್ತದೆ, ಅದಕ್ಕೆ ಬಾಯಿ ಕಿರಿದಾಗಿರಬೇಕು. ಇದನ್ನೆಲ್ಲ ಯಾರು ಕೇಳುತ್ತಾರೆ! ಪಕ್ಕದ ಮನೆಯಲ್ಲಿ ಯಾವುದಿದೆಯೋ ಅದೇ ಬೇಕು. ಗಜೇಂದ್ರಗಡದ ಒಬ್ಬ ಸಾಹುಕಾರನ ಹೆಂಡತಿ ನನ್ನ ಮಾತು ಕೇಳದೆ ನವಿಲಿನ ಚಿತ್ರದ ಸೆಗಡಿ ಒಯ್ದಳು. ಮನೆಯ ಹಿತ್ತಲಲ್ಲಿ ಕುಳ್ಳಿನ ಬಣವೆ ಇತ್ತೇ ಹೊರತು ಒಂದು ಚೂರು ಇದ್ದಿಲು ಇರಲಿಲ್ಲ. ಮುಂದಿನ ಸಂತೆಗೆ ಬಂದು ನನ್ನನ್ನೇ ಬೈದಳು.

ಇವುಗಳ ಜೊತೆ ನಾನೇ ಹೊಂದಿಸಿದ ಇನ್ನೊಂದು ಒಲೆ ಇತ್ತು. ಗಡಿಗೆ ಸುಡುವ ನಮ್ಮ ಆವಿಗೆಯಲ್ಲಿ ಹೊಗೆ ತನಗೆ ದಾರಿ ಸಿಕ್ಕ ಕಡೆಗೇ ಓಡುವುದನ್ನು ನಾನು ಚಿಕ್ಕಂದಿನಿಂದ ನೋಡುತ್ತಿದ್ದೆ. ಅಡುಗೆಮನೆಯ ಹೊಗೆಗೂ ಒಂದು ದಾರಿ ಕೊಟ್ಟರೆ ಹೇಗೆ ಎಂಬ ಹುಚ್ಚು ಹತ್ತಿತು. ಕೋಡೊಲೆಯ ಹಿಂದಿನ ಕುಳಿಗೆ ಒಂದು ತೂತು ಬಿಟ್ಟು, ಗಂಡನ ಕೈಯಿಂದ ಸುಟ್ಟಮಣ್ಣಿನ ಕೊಳವೆ ಮಾಡಿಸಿ, ಒಂದರ ಮೇಲೊಂದು ಜೋಡಿಸಿ ಮಾಳಿಗೆಯ ಹೊರಗೆ ಹಾಯಿಸಿದೆ. ಮೊದಲು ನಮ್ಮ ಮನೆಯಲ್ಲಿ, ಆಮೇಲೆ ರೋಣದ ಒಂದೆರಡು ಮನೆಗಳಲ್ಲಿ ಹಾಕಿದೆ. ಹೊಗೆ ಸುಮ್ಮನೆ ಮೇಲೆ ಹೋಗುತ್ತಿತ್ತು. ಅದನ್ನು ನೋಡುವುದೇ ನನಗೊಂದು ಖುಷಿ.

ಆ ಮಾರ್ಗಶಿರದ ಸಂತೆಗೆ ಅಬ್ಬಿಗೇರಿಯ ನೀಲವ್ವ ಚಕ್ಕಡಿಯಲ್ಲಿ ಬಂದರು. ಹೊಲ ಮನೆ ಗಟ್ಟಿಯಾಗಿದ್ದ ಕುಟುಂಬದ ಯಜಮಾನಿ. ಕೆಳಗಿಳಿಯದೆ ಕೇಳಿದರು.

"ಶಿವವ್ವ, ಹೊಗಿ ಬರದಂಥಾ ಒಲಿ ನೀ ಹಾಕ್ತಿ ಅಂತ. ಖರೇ ಏನ?"

"ಖರೇರಿ ಅವ್ವಾರ. ಆದ್ರ ಅದಕ್ಕ ಉರುವಲ ಜಾಸ್ತಿ ಬೇಕು. ನಿಮ್ಮಂಥಾ ದೊಡ್ಡ ಮನಿಗೆ ಕೋಡೊಲಿನ ಚಲೋ."

"ಉರುವಲ ಎಷ್ಟರ ಹೋಗ್ಲಿ. ಹೊಗಿ ಒಂದು ಬರಬಾರದು."

ಪಾಪ, ವಯಸ್ಸಾಯಿತು, ಹೊಗೆಗೆ ಕಣ್ಣು ಹೋಗುತ್ತಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರು ಚಕ್ಕಡಿಯ ಮೇಲಿಂದಲೇ ನನ್ನ ಹಿಂದಿದ್ದ ನೀರಿನ ಹರವಿಯ ಕಡೆ ಬೆರಳು ತೋರಿಸಿ, "ಅದು ಸೀಳೇತಿ, ಯಾರಿಗೂ ಕೊಡಬ್ಯಾಡ," ಎಂದರು. ನಾನು ಎದ್ದು ಹೋಗಿ ಮುಖ ಹತ್ತಿರ ಹಿಡಿದು ನೋಡಿದೆ. ಕೂದಲೆಳೆಯಷ್ಟು ಬಿರುಕಿತ್ತು. ಕಣ್ಣು ಇಷ್ಟು ಚುರುಕಾಗಿದ್ದ ಹೆಂಗಸಿಗೆ ಹೊಗೆಯ ಮೇಲೇಕೆ ಇಷ್ಟು ಸಿಟ್ಟು? ಕೇಳಬೇಕೆನಿಸಿತು, ಆದರೆ ಗಿರಾಕಿಯನ್ನು ಹಾಗೆಲ್ಲ ಕೇಳಲಾಗುತ್ತದೆಯೇ?

ಅಬ್ಬಿಗೇರಿಗೆ ಹೋಗಿ ಒಲೆ ಕಟ್ಟುವಾಗ ಮಣ್ಣು ತುಳಿಯಲು, ಹೊಟ್ಟು ಕಲೆಸಲು ಜೊತೆಗೆ ನಿಂತವಳು ಮನೆಯ ಒಬ್ಬಳೇ ಸೊಸೆ ಗಂಗವ್ವ. ಹೊಳೆಆಲೂರಿನ ಹುಡುಗಿ. ಮದುವೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಆ ಶ್ರಾವಣದಲ್ಲಿ ಮಲಪ್ರಭೆ ದಂಡೆ ಮೀರಿ ಹರಿದಿದ್ದಾಗ ಅವಳ ತಾಯಿ ಜ್ವರದಿಂದ ತೀರಿಕೊಂಡಿದ್ದಳಂತೆ. ದಾರಿ ಕಟ್ಟಿತ್ತು, ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಇದನ್ನು ಹೇಳಿದ್ದು ಅವಳಲ್ಲ, ನೀರು ತರುವ ನೆರೆಯವಳು. ಗಂಗವ್ವನ ಕಣ್ಣು ಯಾವಾಗಲೂ ಕೆಂಪಾಗಿರುತ್ತಿತ್ತು. ಹಳೆಯ ಒಲೆಯ ಹೊಗೆ ನೋಡಿದ ಮೇಲೆ ನನಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ.

ಒಲೆ ಒಣಗಿದ ಮೇಲೆ ಹಾಲು ಉಕ್ಕಿಸಿದರು. ಕಸ ಕಡ್ಡಿಯ ಹೊಗೆಯೂ ಒಳಗೆ ನಿಲ್ಲಲಿಲ್ಲ. ಓಣಿಯ ಹೆಂಗಸರೆಲ್ಲ ಬಂದು ನೋಡಿ ಬೆರಗಾದರು, ತಮಗೂ ಬೇಕೆಂದರು. ನಾನು ಉಬ್ಬಿಕೊಂಡು ರೋಣಕ್ಕೆ ಬಂದೆ.

ಮುಂದಿನ ಸಂತೆಗೆ ಅಬ್ಬಿಗೇರಿಯಿಂದ ಬಂದ ಸುದ್ದಿ ಬೇರೆಯೇ. ಶಿವವ್ವನ ಒಲೆ ಹಳೆಯದಕ್ಕಿಂತ ಹೆಚ್ಚು ಹೊಗೆ ಕಾರುತ್ತದೆ ಎಂದು ಊರೆಲ್ಲ ನಗುತ್ತಿದೆಯಂತೆ. ಬೇಕೆಂದವರು ಬೇಡವೆಂದರು. ರೋಣದಲ್ಲಿ ಮಾತು ಕೊಟ್ಟಿದ್ದ ಮನೆಯವರೂ ಹಿಂದೆ ಸರಿದರು. ಹೀಗೇ ಆದರೆ ಆ ಒಲೆಯನ್ನು ಇನ್ನು ಯಾರೂ ಹಾಕಿಸಿಕೊಳ್ಳುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಜೊತೆಗೆ ಒಂದು ಕುತೂಹಲವೂ ಕೊರೆಯತೊಡಗಿತು: ಅದೇ ಮಣ್ಣು, ಅದೇ ಕೊಳವೆ, ಅದೇ ಕೈ. ಇಲ್ಲಿ ಸುಮ್ಮನಿರುವ ಹೊಗೆ ಅಲ್ಲೇಕೆ ತಿರುಗಿಬಿತ್ತು?

ಮಾರನೆಯ ದಿನ ಅಬ್ಬಿಗೇರಿಗೆ ಹೋದೆ. ನೀಲವ್ವ ಸಿಟ್ಟು ಮಾಡಲಿಲ್ಲ. "ಮುಂಜಾನಿ ಚಲೋ ಇರ್ತೈತಿ. ಹೊಗಿ ಬರೂದು ಸಂಜಿಗೆ," ಎಂದಷ್ಟೇ ಹೇಳಿದರು. ಇದು ಇನ್ನೂ ವಿಚಿತ್ರ. ಒಲೆಗೆ ಮುಂಜಾನೆ ಸಂಜೆ ಎಂಬುದು ಗೊತ್ತೇ?

ಸಂಜೆಗೆ ಗಾಳಿ ದಿಕ್ಕು ಬದಲಿಸುತ್ತಿರಬಹುದು ಎಂದುಕೊಂಡು ಅಂಗಳದಲ್ಲಿ ಹಿಡಿ ಬೂದಿ ತೂರಿ ನೋಡಿದೆ. ಮುಂಜಾನೆಯ ಮೂಡಗಾಳಿಯೇ ಸಂಜೆಗೂ ಬೀಸುತ್ತಿತ್ತು. ಕುಳ್ಳು ಇಬ್ಬನಿಗೆ ಹಸಿಯಾಗಿರಬಹುದು ಎಂದು ಒಂದನ್ನು ಮುರಿದೆ. ಒಳಗೆ ಗರಿಗರಿಯಾಗಿ ಒಣಗಿತ್ತು. ಮಾಳಿಗೆ ಹತ್ತಿ ಕೊಳವೆಯ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದೆಯೇ ಎಂದು ಕೈ ಹಾಕಿ ನೋಡಿದೆ, ಏನೂ ಇರಲಿಲ್ಲ. ಕೆಳಗಿಳಿದು ಒಂದು ಹಿಡಿ ಹುಲ್ಲು ಹೊತ್ತಿಸಿ ಒಲೆಯ ಬಾಯಿಗೆ ಹಿಡಿದರೆ ಅದು ಹೊಗೆಯನ್ನು ಸರ್ರನೆ ಒಳಗೆಳೆದುಕೊಂಡಿತು. ಒಲೆಯಲ್ಲಿ ತಪ್ಪಿಲ್ಲವೆಂದು ಸಂತೋಷಪಡಬೇಕೋ, ತಪ್ಪು ಸಿಗಲಿಲ್ಲವೆಂದು ಬೇಸರಪಡಬೇಕೋ ತಿಳಿಯಲಿಲ್ಲ.

ಸಂಜೆಯವರೆಗೆ ಕಾದೆ. ನೀಲವ್ವ ಜಗುಲಿಯ ಮೇಲೆ ದೀಪ ಹಚ್ಚಲು ಹೋದರು. ಗಂಗವ್ವ ಒಬ್ಬಳೇ ಒಲೆಯ ಮುಂದೆ ಕುಳಿತಳು. ನಾನು ಮತ್ತೆ ಮಾಳಿಗೆ ಹತ್ತಿ ಕೊಳವೆಯ ಪಕ್ಕದಲ್ಲಿ ನಿಂತೆ. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಕೊಳವೆಯಿಂದ ಮಾತ್ರ ಒಂದು ಎಳೆ ಹೊಗೆಯೂ ಬರಲಿಲ್ಲ. ಹಾಗಾದರೆ ಹೊಗೆ ನಡುವೆ ಎಲ್ಲೋ ನಿಂತಿದೆ. ಬೆಳಕಿಂಡಿಯಿಂದ ಒಳಗೆ ಬಗ್ಗಿ ನೋಡಿದೆ. ಹೊಗೆ ಮುಖಕ್ಕೆ ರಾಚಿತು. ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದೆ. ಗಂಗವ್ವನ ಕೈ ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿತ್ತು. ಅವಳ ಹೆಗಲು ಬೇರೆಯೇ ರೀತಿಯಲ್ಲಿ ಅದುರುತ್ತಿತ್ತು.

ಕೆಳಗಿಳಿದು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ಹಿಂದಿನ ಕುಳಿಯ ಗಡಿಗೆ ಇಳಿಸಿ ಕೈ ಒಳಗೆ ಹಾಕಲು ಹೋದಾಗ ಅವಳು ಗಬಕ್ಕನೆ ನನ್ನ ಕೈ ಹಿಡಿದಳು.

"ತಗೀಬ್ಯಾಡ್ರಿ ಎವ್ವಾ."

ಕೊಳವೆಯ ತೂತಿನಲ್ಲಿ ಸೆಗಣಿ ಮೆತ್ತಿದ ಹಳೆಯ ಸೀರೆಯ ಅರಿವೆಯ ಉಂಡೆ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹೆಸರು ಮೂರಾಬಟ್ಟಿ ಮಾಡೀದಿ. ನಿನಗ ನಾ ಏನ ಮಾಡೇನಿ?" ಎಂದೆ.

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಕಡೆ ನೋಡದೆ ಹೇಳಿದಳು.

"ಹೊಗಿ ಇದ್ರ ಯಾರೂ ಏನೂ ಕೇಳಂಗಿಲ್ರಿ. ಹಗಲೆಲ್ಲಾ ಹೊಲದಾಗ ಮಂದಿ. ದೀಪ ಹಚ್ಚಿದ ಮ್ಯಾಲ ಮನ್ಯಾಗ ಅಳಬಾರದು ಅಂತಾರ. ಮತ್ತ ನಾ ನಮ್ಮವ್ವಗ ಅಳೂದು ಯಾವಾಗ್ರಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟು ದಿನ ಹೊಗೆಯನ್ನು ಓಡಿಸುವ ಯೋಚನೆಯಲ್ಲೇ ಇದ್ದ ನನಗೆ, ಅದು ಒಬ್ಬರಿಗೆ ಆಸರೆಯಾಗಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅರಿವೆಯನ್ನು ಅಲ್ಲೇ ಬಿಟ್ಟು, ಗಡಿಗೆಯನ್ನು ಮತ್ತೆ ಕುಳಿಯ ಮೇಲಿಟ್ಟು ಎದ್ದೆ.

ಪಡಸಾಲೆಯಲ್ಲಿ ನೀಲವ್ವ ಕಾಯುತ್ತಿದ್ದರು. "ತಪ್ಪು ಸಿಕ್ತೇನ?" ಎಂದರು.

ನಿಜ ಹೇಳಿದರೆ ನನ್ನ ಹೆಸರು ಉಳಿಯುತ್ತಿತ್ತು, ಹುಡುಗಿಗೆ ಇದ್ದ ಒಂದು ಮರೆಯೂ ಹೋಗುತ್ತಿತ್ತು. ಸುಳ್ಳು ಹೇಳಿದರೆ ಒಲೆ ಒಡೆದು ಹಾಕುತ್ತಿದ್ದರು. ಕೈಯ ಮಸಿಯನ್ನು ಸೆರಗಿಗೆ ಒರೆಸುತ್ತ ನಿಂತೆ. ನೀಲವ್ವನೇ ನನ್ನ ಮುಖ ನೋಡಿ ಮೆಲ್ಲಗೆ ಕುಳಿತುಕೊಂಡರು.

"ಹಂಗಾರ ಅಳತಾಳ," ಎಂದರು. "ಹೊಗಿ ಇಲ್ಲದ ಒಲಿ ನನಗ್ಯಾಕ ಬೇಕಾಗಿತ್ತು ಅಂತ ತಿಳದಿ? ಕಣ್ಯಾಕ ಕೆಂಪಾಗ್ಯಾವ ಅಂದ್ರ ಹೊಗಿರಿ ಅತ್ತಿ ಅಂತಿದ್ಲು. ಹೊಗಿನೋ ಕಣ್ಣೀರೋ, ನನಗ ಗೊತ್ತಾಗ್ಬೇಕಾಗಿತ್ತು."

"ಅವರವ್ವ ಸತ್ತಿದ್ದು ಗೊತ್ತಿದ್ದೂ ತವರಿಗೆ ಯಾಕ ಕಳಿಸ್ಲಿಲ್ರಿ?" ಎಂದು ಕೇಳಿಯೇಬಿಟ್ಟೆ. ಹೆದರಿಕೆ ಹೋಗಿತ್ತು.

ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ನಮ್ಮ ಕಡೆ ತವರಿನವರು ಬಂದು ಕರೆಯದೆ ಸೊಸೆಯನ್ನು ಕಳಿಸುವುದಿಲ್ಲ. ಕರೆಯದೆ ಕಳಿಸಿದರೆ ಹೊರಗೆ ಹಾಕಿದರು ಎಂದೇ ಅರ್ಥ. ನೀರು ಇಳಿದ ಮೇಲೆ ಈ ಮನೆಯ ಗಂಡಸರು ಹೊಳೆಆಲೂರಿಗೆ ಹೋಗಿ ಬೀಗರನ್ನು ಮಾತಾಡಿಸಿ ಬಂದಿದ್ದರು. ಮಗಳನ್ನು ಕಳಿಸಿ ಎಂದು ಅವರು ಕೇಳುತ್ತಾರೆಂದು ಇವರು ಕಾದರು. ಕೇಳಿದರೆ ಸುಗ್ಗಿಯ ಹೊತ್ತಿಗೆ ಬೀಗರಿಗೆ ತೊಂದರೆಯಾದೀತೆಂದು ಅವರು ಸುಮ್ಮನಿದ್ದರು. ಹಾಗೆಲ್ಲ ಬಂದು ಕರೆಯುತ್ತಿದ್ದವಳು ತಾಯಿ. ಅವಳೇ ಇಲ್ಲದ ಮೇಲೆ ಕರೆಯಬೇಕೆಂಬುದು ಆ ಮನೆಯ ಗಂಡಸಿಗೆ ಹೊಳೆಯುವುದಾದರೂ ಹೇಗೆ? ಎರಡೂ ಮನೆಯವರು ಮರ್ಯಾದೆ ಕಾಪಾಡುತ್ತ ಕುಳಿತರು. ನಡುವೆ ಹುಡುಗಿ ಕೊಳವೆಗೆ ಅರಿವೆ ತುರುಕುತ್ತಿದ್ದಳು.

"ಕರಿಯಾಕ ಬರಾಕಿ ಮಣ್ಣಾಗ್ಯಾಳ್ರಿ ಅವ್ವಾರ," ಎಂದೆ. "ಇನ್ನ ಯಾರ ಹಾದಿ ಕಾಯ್ತೀರಿ?"

ದೊಡ್ಡವರ ಮನೆಯಲ್ಲಿ ನಾಲಿಗೆ ಉದ್ದ ಮಾಡಿದೆನೇನೋ ಎಂಬ ಅಳುಕಿನಲ್ಲೇ ನೆರೆಯವಳ ಮನೆಯಲ್ಲಿ ಮಲಗಿ, ಬೆಳಗ್ಗೆ ರೋಣದ ದಾರಿ ಹಿಡಿದೆ.

ಆಮೇಲೆ ಎರಡು ಮೂರು ದಿನಕ್ಕೆ ನಮ್ಮ ಮನೆಯ ಮುಂದೆ ಚಕ್ಕಡಿ ನಿಂತಿತು. ಅಬ್ಬಿಗೇರಿಯಿಂದ ಹೊಳೆಆಲೂರಿಗೆ ಹೋಗುವವರು ರೋಣದ ಮೇಲೆಯೇ ಹಾಯಬೇಕು. ಚಕ್ಕಡಿಯಲ್ಲಿ ರೊಟ್ಟಿಯ ಬುಟ್ಟಿ, ಅದರ ಪಕ್ಕ ಗಂಗವ್ವ, ಅವಳ ಪಕ್ಕ ನೀಲವ್ವ. ಸೊಸೆಯನ್ನು ಅತ್ತೆಯೇ ತವರಿಗೆ ಕರೆದೊಯ್ಯುವುದನ್ನು ನಾನು ಅದೇ ಮೊದಲು ನೋಡಿದ್ದು. ಓಣಿಯವರು ಬಾಗಿಲಿಗೆ ಬಂದು ನಿಂತರು. ಗಂಗವ್ವ ಸೆರಗನ್ನು ಮುಖಕ್ಕೆ ಹಿಡಿಯದೆ, ಎಲ್ಲರೆದುರು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಅಂಥ ಅಳುವನ್ನು ಅವಳು ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ ಏನೋ.

ನಾನು ನೀರಿನ ತಂಬಿಗೆ ತಂದು, "ಸಮಾಧಾನ ಮಾಡ್ಕೋ ತಂಗಿ," ಎನ್ನುತ್ತಾ ಅವಳ ಕಡೆ ಚಾಚಿದೆ. ನೀಲವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದರು.

"ಸುಮ್ನಿರು ಶಿವವ್ವ. ಅಳಲಿ. ಹೊಳಿ ಮುಟ್ಟೂತನಕ ಅಳಲಿ. ನಾ ಅದೀನಲ್ಲಾ ಮಗ್ಗಲದಾಗ."

ಚಕ್ಕಡಿ ಮುಂದೆ ಹೋಯಿತು. ಓಣಿ ತಿರುಗುವವರೆಗೂ ಅವಳ ದನಿ ಕೇಳುತ್ತಿತ್ತು. ತಂಬಿಗೆ ಹಿಡಿದು ನಿಂತಲ್ಲೇ ನಾನೂ ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ಬಹಳ ಒಲೆ ಕಟ್ಟಿದ್ದೇನೆ. ಯಾವ ಒಲೆ ಒಳ್ಳೆಯದು ಎಂದು ಇಂದಿಗೂ ಜನ ಬಂದು ಕೇಳುತ್ತಾರೆ. ಉರುವಲು ಯಾವುದು, ಉಣ್ಣುವವರು ಎಷ್ಟು ಮಂದಿ, ಗಾಳಿ ಯಾವ ಕಡೆಯದು ಎಂದು ನಾನೂ ಕೇಳುತ್ತೇನೆ, ಅದು ಕಸುಬು. ಆದರೆ ಅದಕ್ಕೂ ಮೊದಲು ಆ ಮನೆಗೆ ಹೋಗಿ, ಒಲೆಯ ಮುಂದೆ ದಿನವೂ ಕೂರುವವಳು ಯಾರೋ ಅವಳ ಪಕ್ಕದಲ್ಲಿ ಒಂದು ಹೊತ್ತು ಕುಳಿತು ಬರುತ್ತೇನೆ. ಒಲೆ ಬೇಕೆಂದು ಕೇಳಲು ಬರುವವರು ಬೇರೆ, ಅದರ ಮುಂದೆ ಬದುಕುವವರು ಬೇರೆ.