ಪೈಲವಾನ ಮತ್ತು ಕಣ್ಣೀರಪ್ಪ

ನನಗೆ ಸಂಗೀತ ತಿಳಿಯುವುದಿಲ್ಲ. ಬೇರೆ ಊರಿನಲ್ಲಾದರೆ ಈ ಮಾತನ್ನು ಧೈರ್ಯವಾಗಿ ಹೇಳಬಹುದು. ಧಾರವಾಡದಲ್ಲಿ ಹೇಳಿದರೆ ಎದುರಿಗಿದ್ದವರು ಮರುಕದಿಂದ ಮುಖ ನೋಡಿ, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ವಿಚಾರಿಸುತ್ತಾರೆ. ಅದಕ್ಕೇ ಹಾಡಿನ ಬೈಠಕ್ಕಿಗೆ ಹೋದಾಗ ನಾನೊಂದು ಉಪಾಯ ಮಾಡುತ್ತೇನೆ. ಮುಂದೆ ಕುಳಿತ ಹಿರಿಯರೊಬ್ಬರ ತಲೆಯ ಮೇಲೆ ಕಣ್ಣಿಡುತ್ತೇನೆ. ಅವರ ತಲೆ ತೂಗಿದರೆ ನನ್ನದೂ ತೂಗುತ್ತದೆ. ಒಮ್ಮೆ ಹೀಗೆ ಒಬ್ಬರನ್ನು ನಂಬಿ ಬಹಳ ಹೊತ್ತು ತಲೆದೂಗಿದೆ. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಅವರು ಬೆಚ್ಚಿಬಿದ್ದು ಎದ್ದರು. ಅವರು ತೂಕಡಿಸುತ್ತಿದ್ದರಂತೆ.

ಇಂಥ ನಾನು, ಇಟಲಿ ದೇಶದ ಇಬ್ಬರು ಗಾಯಕರಲ್ಲಿ ಯಾರು ಹೆಚ್ಚು ಎಂಬ ಜಗಳದಲ್ಲಿ ಸಿಕ್ಕಿ, ನಿಶ್ಚಯವಾಗಿದ್ದ ಹುಡುಗಿಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ಮೊದಲಿನ ಮಾತು. ನಮ್ಮ ತಂದೆ ಶಿವಪ್ಪನವರದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ. ಅರಳೆ ಬಿಡಿಸುವ ಜಿನ್ನಿನ ಗದ್ದಲದಲ್ಲಿ ಆಳುಗಳನ್ನು ಕೂಗಿ ಕೂಗಿ ಅವರ ದನಿ ಎಂಥದಾಗಿತ್ತೆಂದರೆ, ಮನೆಯಲ್ಲಿ ಗುಟ್ಟಿನ ಮಾತು ಆಡಬೇಕಾದರೆ ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತು. ಅವರ ಜೀವದ ಗೆಳೆಯ ಧಾರವಾಡದ ಗುರುಪಾದಪ್ಪ ವಕೀಲರು. ಇಬ್ಬರೂ ಸುಳ್ಳ ಎಂಬ ಹಳ್ಳಿಯವರು, ಒಂದೇ ಸಾಲಿಯಲ್ಲಿ ಒಂದೇ ಮಾಸ್ತರರ ಕೈಯಲ್ಲಿ ಹೊಡೆತ ತಿಂದವರು. ಒಬ್ಬರು ಹುಬ್ಬಳ್ಳಿಗೆ ಹೋಗಿ ದನಿ ಏರಿಸಿದರು, ಇನ್ನೊಬ್ಬರು ಧಾರವಾಡಕ್ಕೆ ಹೋಗಿ ದನಿ ಇಳಿಸಿದರು. ಭಾನುವಾರ ತಪ್ಪದೆ ವಕೀಲರು ರೈಲು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಅವರ ಮಗಳು ನೀಲಾಳಿಗೂ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೂ ಮದುವೆಯೆಂದು ಆ ಭಾನುವಾರಗಳಲ್ಲೇ ಗೊತ್ತಾಗಿತ್ತು. ನಮ್ಮಿಬ್ಬರಿಗೆ ಅದನ್ನು ಆಮೇಲೆ ತಿಳಿಸಿದರು.

ಆಗ ರೈಲ್ವೆಯ ಸಾಹೇಬನೊಬ್ಬ ಊರಿಗೆ ಹೊರಟು ಮನೆಯ ಸಾಮಾನು ಲಿಲಾವಿಗೆ ಹಾಕಿದ. ಆ ಹರಾಜಿನಲ್ಲಿ ತಂದೆಯವರು ಗ್ರಾಮಫೋನು ತಂದರು. ಜೊತೆಗೊಂದು ಪೆಟ್ಟಿಗೆ ತುಂಬ ಪ್ಲೇಟುಗಳು. ನಾಟಕದ ಪದಗಳಿರುತ್ತವೆಂದು ಆಸೆಯಿಂದ ಕೀಲಿ ತಿರುಗಿಸಿ ಮುಳ್ಳು ಇಟ್ಟರೆ ಬ್ಯಾಂಡಿನವರು ಶುರುವಾದರು. ಇನ್ನೊಂದು ಹಾಕಿದರೆ ಮತ್ತೆ ಬ್ಯಾಂಡು. ಪೆಟ್ಟಿಗೆಯ ತಳದಲ್ಲಿದ್ದ ಎರಡು ಪ್ಲೇಟುಗಳಲ್ಲಿ ಮಾತ್ರ ಮನುಷ್ಯರಿದ್ದರು. ಇಬ್ಬರು ಬೇರೆ ಬೇರೆ ಗಾಯಕರು, ಒಂದೇ ಹಾಡು. ಅದು ಅವರ ಕಡೆಯ ಸಂಗೀತನಾಟಕದ ಪ್ರಸಿದ್ಧ ಪದವೆಂದೂ, ಅಷ್ಟು ಎತ್ತರದ ಗಂಡುದನಿಯವರನ್ನು ಟೆನರ್ ಎನ್ನುತ್ತಾರೆಂದೂ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನಮಗೆ ತಿಳಿದದ್ದು ಇಷ್ಟೇ: ಯಾರೋ ಒಬ್ಬ ಮೆಲ್ಲಗೆ ಶುರುಮಾಡುತ್ತಾನೆ, ಏರುತ್ತಾನೆ, ಇಳಿಯುತ್ತಾನೆ, ಕೊನೆಗೆ ಮೇಲಿನ ಒಂದು ಸ್ವರ ಹಿಡಿದು ಗೋಡೆಯ ಮೇಲಿನ ಹಲ್ಲಿಯನ್ನು ಓಡಿಸುತ್ತಾನೆ.

ಮೊದಲ ಭಾನುವಾರ ಎಲ್ಲರೂ ನಕ್ಕೆವು. ಎರಡನೆಯ ಭಾನುವಾರ ವಕೀಲರು ನಗಲಿಲ್ಲ. ಕಣ್ಣು ಮುಚ್ಚಿಕೊಂಡು, "ಶಿವಪ್ಪಾ, ಆ ಎರಡನೇದವನನ್ನ ಇನ್ನೊಮ್ಮೆ ಹಾಕೋ" ಎಂದರು.

ಎರಡನೆಯವನು ಮೃದು. ಮೇಲಿನ ಸ್ವರಕ್ಕೆ ಹೋಗುವ ಮುನ್ನ ಅವನ ದನಿ ಒಂದು ಕ್ಷಣ ಒಡೆಯುತ್ತಿತ್ತು. ಬಿಕ್ಕಳಿಕೆಯಂಥದೊಂದು ಸದ್ದು, ಆಮೇಲೆ ಸ್ವರ. ಅಲ್ಲಿಗೆ ಬಂದಾಗ ವಕೀಲರು ರುಮಾಲಿನಿಂದ ಕಣ್ಣೊರೆಸಿಕೊಂಡರು. ಕೋರ್ಟಿನಲ್ಲಿ ಎದುರು ಪಕ್ಷದ ವಿಧವೆಯರು ಅತ್ತರೂ ಕರಗದವರೆಂದು ಹೆಸರಾದವರು!

"ಅಂವಗ ನೆಗಡಿ ಆಗೇತಿ," ಎಂದರು ತಂದೆಯವರು. "ಮೊದಲನೇದವನನ್ನ ಕೇಳು. ಗಂಡಸು ಅಂದ್ರ ಅಂವಾ."

ಮೊದಲನೆಯವನು ಬಿಕ್ಕುವವನಲ್ಲ. ಮೇಲಿನ ಸ್ವರಕ್ಕೆ ಏಣಿ ಹಾಕದೆ ಹಾರಿ ಕೂತು, ಅಲ್ಲಿಂದ ಇಳಿಯುವ ಮಾತೇ ಆಡುತ್ತಿರಲಿಲ್ಲ. ತಂದೆಯವರು ಆ ಸ್ವರವನ್ನು ತಾಂಬೂಲದಿಂದ ಅಳೆಯುತ್ತಿದ್ದರು. ಅದು ಶುರುವಾದಾಗ ಎಲೆ ಕೈಗೆತ್ತಿಕೊಂಡು ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡರೂ ಅವನು ಇನ್ನೂ ಅಲ್ಲೇ ಇರುತ್ತಿದ್ದ. ಎರಡನೆಯವನ ಕಾಲಕ್ಕೆ ಸುಣ್ಣವೇ ಪೂರ್ತಿ ಆಗುತ್ತಿರಲಿಲ್ಲ.

ಪ್ಲೇಟಿನ ಮೇಲಿನ ಹೆಸರುಗಳನ್ನು ಸರಿಯಾಗಿ ಓದಲು ನಮಗೆ ಯಾರಿಗೂ ಬರಲಿಲ್ಲ. ವಕೀಲರು ತಂದೆಯವರ ಗಾಯಕನಿಗೆ ಪೈಲವಾನ ಎಂದು ಹೆಸರಿಟ್ಟರು. ತಂದೆಯವರು ವಕೀಲರ ಗಾಯಕನನ್ನು ಕಣ್ಣೀರಪ್ಪ ಎಂದರು. ಇಬ್ಬರೂ ಹೀಯಾಳಿಸಲು ಇಟ್ಟ ಹೆಸರುಗಳೇ, ಆದರೆ ಇಬ್ಬರಿಗೂ ತಂತಮ್ಮ ಗಾಯಕನ ಹೆಸರು ಬಲು ಇಷ್ಟವಾಯಿತು.

ನಮ್ಮ ಸಂಗೀತದಲ್ಲಿ ಇಂಥ ಪೇಚಿಲ್ಲ. ಒಂದೇ ರಾಗವನ್ನು ಇಬ್ಬರು ಹಾಡಿದರೆ ಅವು ಎರಡು ಬೇರೆ ಊರುಗಳು. ಒಂದೂರಿನ ಕೆರೆ ಇನ್ನೊಂದೂರಿನಲ್ಲಿ ಯಾಕಿಲ್ಲವೆಂದು ಯಾರೂ ಕೇಳುವುದಿಲ್ಲ. ಆ ಕಡೆಯವರು ಸ್ವರವನ್ನೆಲ್ಲ ಮೊದಲೇ ಬರೆದಿಟ್ಟು, ಇದರಲ್ಲೊಂದು ಕೂದಲು ಆಚೀಚೆ ಸರಿಸಬೇಡಿ ಎಂದು ಕಟ್ಟಿಹಾಕಿರುತ್ತಾರಂತೆ. ಹಾಗಾದ ಮೇಲೆ ಗಾಯಕನ ಪಾಲಿಗೆ ಉಳಿಯುವುದು ಉಸಿರು ಮಾತ್ರ. ಇಬ್ಬರು ಹೆಂಗಸರು ಒಂದೇ ಅಳತೆಯ ಹಿಟ್ಟಿನಲ್ಲಿ ರೊಟ್ಟಿ ಬಡಿದಂತೆ. ಆಗ ಹೋಲಿಸದೆ ಇರುವುದು ಬಲು ಕಷ್ಟ.

ಹಾಡಿನ ಅರ್ಥ ಏನೆಂಬುದೂ ಚರ್ಚೆಯಾಯಿತು. ಇವನು ಕೇಸು ಸೋತ ಕಕ್ಷಿದಾರ ಎಂದರು ವಕೀಲರು. ಅರಳೆ ಗೋದಾಮಿಗೆ ಬೆಂಕಿ ಬಿದ್ದು ನೆರೆಯವರನ್ನು ಕೂಗುತ್ತಿದ್ದಾನೆ ಎಂದರು ತಂದೆಯವರು. ಅಡಿಗೆ ಮನೆಯ ಬಾಗಿಲಲ್ಲಿ ನಿಂತ ಅವ್ವ, "ಪಾಪ, ಹೊತ್ತಿಗೆ ಸರಿಯಾಗಿ ಉಂಡಿಲ್ಲ" ಎಂದಳು. ಕಡೆಗೆ, ಬಿಳಿಯರ ಹಾಡು ಬಿಳಿಯರಿಗೇ ತಿಳಿದೀತೆಂದು ಊರಿನಲ್ಲಿದ್ದ ಜರ್ಮನಿಯ ಪಾದ್ರಿಯೊಬ್ಬರನ್ನು ಚಹಾಕ್ಕೆ ಕರೆದರು. ಅವರು ಎರಡೂ ಪ್ಲೇಟುಗಳನ್ನು ಶಾಂತವಾಗಿ ಕೇಳಿ, ಗ್ರಂಥದಂಥ ಕನ್ನಡದಲ್ಲಿ ಹೇಳಿದರು: "ಕ್ಷಮಿಸಿರಿ. ಇದು ಇಟಲಿಯ ಭಾಷೆ. ಇದು ನನಗಿಂತ ನಿಮಗೇ ಹೆಚ್ಚು ಅರ್ಥವಾದಂತೆ ತೋರುತ್ತದೆ."

ಹೀಗೆ ಕೆಲವು ತಿಂಗಳು ಸುಖವಾಗಿ ಕಳೆದವು. ಮದುವೆಯ ದಿನ ಗೊತ್ತುಮಾಡಲು ವಕೀಲರು ಹೆಂಡತಿ ಮಗಳೊಡನೆ ಬಂದ ಭಾನುವಾರವೇ ಎಲ್ಲ ಕೆಟ್ಟಿತು. ನಾಲ್ಕು ಮಂದಿ ಬೀಗರು, ಬೇಕಾದವರು ಕೂತಿದ್ದರು. ತಂದೆಯವರು ಉತ್ಸಾಹದಿಂದ ಪೈಲವಾನನನ್ನು ಹಾಕಿದರು. ಕೇಳಿದವರಲ್ಲಿ ಒಬ್ಬರು, "ಭಾರಿ ಗಂಟಲ್ರೀ" ಎಂದರು. ವಕೀಲರಿಗೆ ತಡೆಯಲಾಗಲಿಲ್ಲ.

"ಹುಬ್ಬಳ್ಳಿಯವರಿಗೆ ಒದರಿದ್ದೆಲ್ಲಾ ಹಾಡು," ಎಂದರು.

"ಧಾರವಾಡದವರಿಗೆ ಅತ್ತಿದ್ದೆಲ್ಲಾ ಸಂಗೀತ," ಎಂದರು ತಂದೆಯವರು.

"ಶಿವಪ್ಪನವರ, ಮಾತು ಸಂಭಾಳಿಸಿ ಆಡ್ರಿ."

"ನೀವೂ ಸಂಭಾಳಿಸ್ರಿ ವಕೀಲ ಸಾಹೇಬ್ರ."

ಅವರಿಬ್ಬರೂ ಸುಳ್ಳದ ಸಾಲಿಯಿಂದ ಏಕವಚನದವರು. ಬೈಗುಳಕ್ಕೆ ನಾನು ಹೆದರುತ್ತಿರಲಿಲ್ಲ. ಈ 'ರಿ' ಕೇಳಿ ಹೆದರಿದೆ. ನಮ್ಮ ಕಡೆ ಅಪರಿಚಿತರಿಗೆ ಆಡಿದರೆ ಅದು ಗೌರವ, ಹಳೆಯ ಗೆಳೆಯರು ಆಡಿದರೆ ಬಾಗಿಲು ಹಾಕಿದ ಸದ್ದು. ತಂದೆಯವರು ನನ್ನತ್ತ ತಿರುಗಿ, "ನೀನ ಹೇಳಪಾ, ಕಲತವಾ ಇದ್ದಿ. ಯಾರು ಹೆಚ್ಚು?" ಎಂದರು. ಮಾವನಾಗುವವರೂ ನನ್ನನ್ನೇ ನೋಡಿದರು. ನಾನು ತಲೆದೂಗಲು ಮುಂದೆ ಯಾವ ಹಿರಿಯರೂ ಇರಲಿಲ್ಲ. "ಇಬ್ಬರೂ ಛಲೋ ಹಾಡ್ಯಾರ" ಎಂದೆ. ಅಷ್ಟು ಹೊತ್ತು ಪರಸ್ಪರ ಸಿಟ್ಟಾಗಿದ್ದವರು ಈಗ ಒಟ್ಟಾಗಿ ನನ್ನ ಮೇಲೆ ಸಿಟ್ಟಾದರು.

ವಕೀಲರು ಚಹಾ ಮುಟ್ಟದೆ ಎದ್ದರು. "ಒಯ್ಯಿರಿ ನಿಮ್ಮ ಕಣ್ಣೀರಪ್ಪನ್ನ! ನನ್ನ ಮನ್ಯಾಗ ಅಳೋರು ಬ್ಯಾಡ," ಎಂದು ತಂದೆಯವರು ಪ್ಲೇಟನ್ನು ಅವರ ಕೈಗಿತ್ತರು. ವಕೀಲರು ಅದನ್ನು ಎದೆಗವಚಿಕೊಂಡು ಟಾಂಗಾ ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತ ನೀಲಾ ಒಮ್ಮೆ ತಿರುಗಿ ನೋಡಿದಳು. ಅದು ನನ್ನನ್ನೋ ಗ್ರಾಮಫೋನನ್ನೋ ಎಂದು ಹೇಳಲಾರೆ.

ಮದುವೆಯ ಮಾತು ನಿಂತಿತು. ವಕೀಲರು ಧಾರವಾಡದಲ್ಲಿ ತಮ್ಮದೇ ಗ್ರಾಮಫೋನು ಕೊಂಡರೆಂದು ಸುದ್ದಿ ಬಂತು. ಇತ್ತ ತಂದೆಯವರು ಭಾನುವಾರ ಪೈಲವಾನನನ್ನು ಹಾಕುತ್ತಿದ್ದರು. ಅವನು ಮೊದಲಿನಂತೆಯೇ ಏರುತ್ತಿದ್ದ, ಆದರೆ ತಂದೆಯವರ ಕೈಯಲ್ಲಿ ಎಲೆ ಹಾಗೆಯೇ ಇರುತ್ತಿತ್ತು. ಹಾಡು ಮುಗಿದ ಮೇಲೆ ಎದುರಿನ ಖಾಲಿ ಕುರ್ಚಿಯನ್ನು ನೋಡಿ, "ಹೆಂಗ?" ಎನ್ನುವರು. ಅವ್ವ ಒಳಗಿನಿಂದ "ಛಲೋ ಐತಿ" ಎನ್ನುವಳು. ಒಪ್ಪಿದವರ ಜೊತೆ ಎಷ್ಟು ಹೊತ್ತು ಮಾತಾಡಲಾದೀತು? ಅವರು ಪ್ಲೇಟನ್ನು ಎತ್ತಿಟ್ಟು ಸುಮ್ಮನೆ ಮಲಗಿಬಿಡುವರು.

ಒಂದು ದಿನ ಅವ್ವ ಶೇಂಗಾ ಹೋಳಿಗೆಯ ಡಬ್ಬಿ ನನ್ನ ಕೈಗಿತ್ತಳು. "ಧಾರವಾಡಕ್ಕ ಕೊಟ್ಟು ಬಾ. ಗಂಡಸರು ಮಾತು ಬಿಟ್ಟಾರ, ನಾವೇನು ಬಿಟ್ಟಿಲ್ಲ."

ನಾನು ಹೋದಾಗ ವಕೀಲರು ಕೋರ್ಟಿನಲ್ಲಿದ್ದರು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಅದರ ಜೊತೆಗೆ ಸಣ್ಣ ದನಿಯಲ್ಲಿ ಅದೇ ಹಾಡು! ಬಿಕ್ಕು ಬರಬೇಕಾದಲ್ಲಿ ಹಾಡುವಾಕೆ ರೊಟ್ಟಿ ತಿರುವಿ ಹಾಕುತ್ತಿದ್ದಳು. ನೀಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳ ತಾಯಿ ಡಬ್ಬಿ ಇಸಿದುಕೊಂಡು, ಚಹಾ ಕಾಸುತ್ತೇನೆಂದು ಒಳಗೆ ಹೋಗಿ, ಬೇಕೆಂತಲೇ ತಡಮಾಡಿದರು.

"ನಿಮಗ ಖರೇನ ಇಬ್ಬರೂ ಛಲೋ ಅನಸ್ತಾರೇನು?" ಎಂದಳು ನೀಲಾ. ನಾವಿಬ್ಬರೂ ಸರಿಯಾಗಿ ಆಡಿದ ಮೊದಲ ಮಾತು ಅದು.

"ಹೌದು," ಎಂದೆ.

"ಹಂಗಂದ್ರ ನೀವು ಯಾರನ್ನೂ ಕೇಳಿಲ್ಲ ಬಿಡ್ರಿ."

ಕೈಯ ಹಿಟ್ಟು ಕೊಡವುತ್ತ ಅವಳೇ ಮುಂದುವರಿಸಿದಳು. "ಅಪ್ಪ ದಿನಾ ಅದನ್ನ ಹಾಕ್ತಾರ. ಅಳೋ ಜಾಗಾ ಬಂದರ ಮೊದಲಿನಂಗ ಅಳೂದಿಲ್ಲ. ನಡುವ ನಿಂದರಿಸಿ, 'ಶಿವ್ಯಾ ಇದ್ದಿದ್ರ ಇಲ್ಲಿ ನಗತಿದ್ದ' ಅಂತಾರ. ನೀವೊಂದು ಕೆಲಸಾ ಮಾಡ್ರಿ. ಮನಿಗೆ ಹೋಗಿ ಕಾಕಾಗ ಹೇಳ್ರಿ, ಪೈಲವಾನನ ಗಂಟಲು ಸವದೈತಿ ಅಂತ ವಕೀಲರು ಊರ ತುಂಬ ಹೇಳಾಕತ್ತಾರ ಅಂತ."

"ಅವರು ಹಂಗ ಹೇಳ್ಯಾರೇನು?"

"ಇಲ್ಲ. ನಾ ಹೇಳಾಕತ್ತೇನಿ."

"ಅಪ್ಪಗ ಸಿಟ್ಟು ಬಂದು ಇನ್ನಷ್ಟು ಕೆಟ್ಟರ?"

"ಸಿಟ್ಟು ಬಂದರ ಮನುಷ್ಯಾ ಮನ್ಯಾಗ ಕೂಡ್ತಾನೇನ್ರಿ?"

ಗಣಿತದ ಮಾಸ್ತರನಾದ ನನಗೆ ಈ ಲೆಕ್ಕ ಹೊಳೆದಿರಲಿಲ್ಲ. ಮನೆಗೆ ಬಂದು ಮಾತು ಒಪ್ಪಿಸಿದೆ. ತಂದೆಯವರು ಮುಖ ಕೆಂಪಗೆ ಮಾಡಿಕೊಂಡು, "ಸವದೈತಿ? ಗಂಟಲು ಸವದೈತಿ?" ಎಂದು ಎದ್ದರು. ಪೈಲವಾನನನ್ನು ಅವ್ವನ ಇಳಕಲ್ ಸೀರೆಯಲ್ಲಿ ಸುತ್ತಿದರು. "ನಡಿ," ಎಂದರು. ರೈಲಿನಲ್ಲಿ ಅವರು ಆ ಗಂಟನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡಿದ್ದರು. ಪಕ್ಕದವನ ಮೊಣಕೈ ತಾಗಿದರೆ ಗದರಿದರು.

ವಕೀಲರು ಕೋಟು ಬಿಚ್ಚುತ್ತಿದ್ದರು. ನಮ್ಮನ್ನು ಕಂಡು ಬೆರಗಾಗಿ, "ಬರ್ರಿ, ಕೂಡ್ರಿ" ಎಂದರು.

"ಕೂಡಾಕ ಬಂದಿಲ್ಲ!" ತಂದೆಯವರು ಗಂಟನ್ನು ಕುರ್ಚಿಯ ಮೇಲಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡರು. ವಾದಕ್ಕೆ ಅವರಿಗೆ ಎರಡೂ ಕೈ ಬೇಕು. "ನಿಮ್ಮ ಗ್ರಾಮಫೋನು ತಗೀರಿ. ಹಚ್ಚೂನು. ಯಾರ ಗಂಟಲು ಸವದೈತಿ ಇವತ್ತ ತೀರ್ಮಾನ ಆಗಲಿ. ಊರವರನ್ನೆಲ್ಲಾ ಕರೀರಿ. ನನಗೇನು ಅವಸರಿಲ್ಲ, ರಾತ್ರಿತನಾ ಕೂಡ್ತೇನಿ!" ಎಂದವರೇ ದಪ್ಪೆಂದು ಕುರ್ಚಿಯಲ್ಲಿ ಕೂತರು.

ಟಣ್ ಎಂದೇನೋ ಸದ್ದಾಯಿತು. ಪೈಲವಾನನ ಕೊನೆಯ ಸ್ವರ ಅದು. ಇಡೀ ಜನ್ಮದಲ್ಲಿ ಅವನು ಅಷ್ಟು ಚಿಕ್ಕ ಸ್ವರ ಹಾಡಿರಲಿಲ್ಲ.

ತಂದೆಯವರು ಕೂತಲ್ಲಿಂದ ಏಳಲಿಲ್ಲ. ವಕೀಲರು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟರು. "ಶಿವ್ಯಾ, ಪೆಟ್ಟಾತೇನೋ?"

"ನನಗೇನಾಗಿಲ್ಲೋ ಗುರ್ಯಾ," ಎಂದರು ತಂದೆಯವರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಪೈಲವಾನ ಹೋದ."

ವಕೀಲರು ಸೀರೆಯ ಗಂಟು ಬಿಚ್ಚಿ ಚೂರುಗಳನ್ನು ನೋಡಿದರು. ಅವರು ಗೆದ್ದಿದ್ದರು. ಇನ್ನು ಜಗತ್ತಿನಲ್ಲಿ, ಅಂದರೆ ಹುಬ್ಬಳ್ಳಿ ಧಾರವಾಡದಲ್ಲಿ, ಕಣ್ಣೀರಪ್ಪನಿಗೆ ಎದುರಾಳಿಯಿರಲಿಲ್ಲ. ಆದರೆ ಅವರು ಕಣ್ಣೀರಪ್ಪನನ್ನು ಹಚ್ಚಿ, ಮೇಲಿನ ಸ್ವರ ಬಂದಾಗ ಮುಖ ಸಿಂಡರಿಸಿದರು.

"ಇಲ್ಲಿ ಜಾರ್ತಾನ ನೋಡು. ನಿನ್ನವಾ ಜಾರತಿದ್ದಿಲ್ಲ."

"ಇರಲಿ ಬಿಡೋ. ಇಂವಾ ಜೀವಾ ಇಟ್ಟು ಹಾಡ್ತಾನ."

"ಜೀವಾ ಇದ್ದರಾತೇನು? ದಮ್ಮು ಬ್ಯಾಡೇನು? ಪೈಲವಾನ ಹೆಂಗ ಹಿಡೀತಿದ್ದ ಮರತಿಯೇನು?"

"ನಾ ಮರೀತೇನೇನು!" ಎಂದು ತಂದೆಯವರು ಎದ್ದು ನಿಂತರು. ಒಂದು ಕೈ ಎದೆಯ ಮೇಲೆ, ಒಂದು ಕೈ ಮಾಡಿನ ಕಡೆಗೆ. ಜಿನ್ನಿನ ಗದ್ದಲದಲ್ಲಿ ಪಳಗಿದ ಆ ಗಂಟಲಿನಿಂದ, ಒಂದೂ ಶಬ್ದವಿಲ್ಲದ ಇಟಾಲಿಯನ್ನಿನಲ್ಲಿ ಮೇಲಿನ ಸ್ವರವೊಂದು ಹೊರಟಿತು. ಬೀದಿಯಲ್ಲಿ ನಿಂತಿದ್ದ ಟಾಂಗಾದ ಕುದುರೆ ಗಾಡಿಯ ಸಮೇತ ಹೊರಟೇಬಿಟ್ಟಿತು.

"ಹಂಗಲ್ಲೋ, ಅದಕ್ಕಿಂತ ಮೊದಲ ಇದು ಬರಬೇಕು," ಎಂದು ವಕೀಲರು ಕಣ್ಣು ಮುಚ್ಚಿ ಕಣ್ಣೀರಪ್ಪನಂತೆ ಬಿಕ್ಕಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಅವರ ಹೆಂಡತಿ ಏನಾಯಿತೋ ಎಂದು ಒಳಗಿನಿಂದ ಓಡಿ ಬಂದರು. ತಂದೆಯವರು ಮತ್ತೆ ಏರಿದರು, ವಕೀಲರು ಮತ್ತೆ ಬಿಕ್ಕಿದರು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ವಕೀಲರ, ಯಾವ ರಾಗ್ರೀ ಅದು?" ಎಂದು ಕೇಳಿದರು.

"ಇಟಲಿ ಕಡೇದ್ರಿ."

ಅವರು ಸ್ವಲ್ಪ ಹೊತ್ತು ಕೇಳಿ, "ನಿಷಾದ ಚೂರು ಇಳದೈತಿ" ಎಂದು ಒಳಗೆ ಹೋದರು. ಧಾರವಾಡ ನೋಡಿ.

ದಣಿದು ಕೂತ ಮೇಲೆ ತಂದೆಯವರಿಗೆ ಬಂದ ಕೆಲಸ ನೆನಪಾಯಿತು. "ಅಲ್ಲೋ ಗುರ್ಯಾ, ಪೈಲವಾನನ ಗಂಟಲು ಸವದೈತಿ ಅಂತ ಅನ್ನಾಕ ನಿನಗ ಬಾಯಾರ ಹೆಂಗ ಬಂತು?"

"ನಾ ಯಾವಾಗ ಅಂದೆ?"

ಇಬ್ಬರೂ ನನ್ನತ್ತ ತಿರುಗಿದರು. ಅಷ್ಟರಲ್ಲಿ ನೀಲಾ ಸೆರಗು ಸರಿಮಾಡಿಕೊಂಡು ಹೊರಗೆ ಬಂದು, "ನಾ ಅಂದಿದ್ದೆ ಕಾಕಾ" ಎಂದಳು.

ತಂದೆಯವರು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಮಾಡು ಹಾರುವಂತೆ ನಕ್ಕರು. "ಗುರ್ಯಾ, ಈಕಿನ್ನ ಲಗೂ ನಮ್ಮ ಮನಿಗೆ ಕಳಸು. ನಮ್ಮ ಹುಡುಗಗ ಇಬ್ಬರೂ ಛಲೋ ಅನ್ನೂದು ಬಿಟ್ಟರ ಬ್ಯಾರೆ ಏನೂ ಬರೂದಿಲ್ಲ."

ಮದುವೆಯಾಯಿತು. ತಂದೆಯವರೂ ಮಾವನವರೂ ಆಮೇಲೆ ಬಹಳ ಭಾನುವಾರ ಜಗಳವಾಡಿದರು, ಏಕವಚನದಲ್ಲೇ. ಈಗ ಇಬ್ಬರೂ ಇಲ್ಲ. ಹುಬ್ಬಳ್ಳಿ ವಿದ್ಯಾನಗರದ ಈ ಮನೆಯಲ್ಲಿ ನಾನೂ ನೀಲಾನೂ, ಮುಪ್ಪಿನಲ್ಲಿ ಏಕವಚನಕ್ಕೆ ಇಳಿದವರು, ಸಂಜೆ ಚಹಾ ಕುಡಿಯುತ್ತ ಆ ದಿನದ ಮಾತೆತ್ತುತ್ತೇವೆ. ಅವತ್ತು ನಿಜವಾಗಿ ಚೆನ್ನಾಗಿ ಹಾಡಿದವರು ತನ್ನ ಮಾವನವರು ಎನ್ನುತ್ತಾಳೆ ಅವಳು. ನನ್ನ ಮಾವನವರ ಆ ಬಿಕ್ಕಿನ ಮುಂದೆ ಉಳಿದದ್ದೆಲ್ಲ ಬರಿಯ ಗದ್ದಲ ಎನ್ನುತ್ತೇನೆ ನಾನು. ನನಗೆ ಸಂಗೀತ ತಿಳಿಯದೆಂದು ಅವಳು ಹಂಗಿಸುತ್ತಾಳೆ. ಒಮ್ಮೆ ಸೋತು, "ಆತು ಬಿಡು, ಇಬ್ಬರೂ ಛಲೋ ಹಾಡಿದ್ರು" ಎಂದುಬಿಟ್ಟೆ.

ಎರಡು ದಿನ ಅವಳು ನನ್ನನ್ನು ಬಹುವಚನದಲ್ಲಿ, ಬಹಳ ಮರ್ಯಾದೆಯಿಂದ ಮಾತಾಡಿಸಿದಳು.