ಅಕ್ಕನ ಮನೆಯ ಕೆಳಗಿನ ಕಂಬಗಳು

ಗುಡ್ಡದ ಕಡೆಯ ಊರುಗಳಲ್ಲಿ ಒಂದು ಬೆಳಗ್ಗೆ ನೆಲ ಸಣ್ಣಗೆ ನಡುಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಜೋರಾಗಿ ನಡುಗಿದರೆ ಕಾಸರಗೋಡು ಪೇಟೆಯ ಯಾವ ಕಟ್ಟಡ ನಿಂತೀತು, ಯಾವುದು ಬಿದ್ದೀತು ಎಂದು ಪರೀಕ್ಷಿಸಲು ಎಂಜಿನಿಯರುಗಳನ್ನು ಕರೆದರು. ನಾನೂ ಹೋದೆ.

ನನ್ನ ಪಾಲಿಗೆ ಬಂದ ರಸ್ತೆಯಲ್ಲಿ ಭಾವನ ಕಟ್ಟಡವೂ ಇತ್ತು. ಗದ್ದೆಗೆ ಕೆಂಪು ಮಣ್ಣು ತುಂಬಿಸಿ ಎಬ್ಬಿಸಿದ್ದು. ಕೆಳಗೆ ಅವರ ಬಟ್ಟೆ ಅಂಗಡಿ, ಮೇಲೆ ಅಕ್ಕನ ಸಂಸಾರ ಮತ್ತು ಮೂರು ಬಾಡಿಗೆ ಮನೆಗಳು. ಅಂಗಡಿಯೊಳಗೆ ಕಾಲಿಟ್ಟವನು ಅಲ್ಲೇ ನಿಂತೆ. ನಡುವಿನ ಎರಡು ಕಂಬಗಳೇ ಇರಲಿಲ್ಲ.

"ಭಾವ, ಇಲ್ಲಿದ್ದ ಕಂಬ ಎಂತಾಯ್ತು?"

"ತೆಗೆಸಿದೆ. ಅಂಗಡಿ ಅಗಲ ಬೇಡವಾ? ಮೇಲೆ ಅಡ್ಡಕ್ಕೆ ಕಬ್ಬಿಣದ ಗರ್ಡರ್ ಉಂಟಲ್ಲ ಮಾರಾಯ."

"ಗರ್ಡರ್ ಭಾರ ಹೊರ್ತದೆ, ಅಷ್ಟೇ. ನೆಲ ಅಲುಗಿದರೆ ಮೇಲಿನದ್ದೆಲ್ಲ ಕುಸಿದು ಅಂಗಡಿ ಮೇಲೆ ಕೂರ್ತದೆ. ಅಪಾಯ ಅಂತಲೇ ಬರೆಯಬೇಕಾಗ್ತದೆ."

"ಮನೆಯವನೇ ಆಗಿ ನನ್ನ ಅಂಗಡಿ ಮುಚ್ಚಿಸ್ತೀಯಾ?" ಎನ್ನುತ್ತಲೇ ಅವರು ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಬೀಸಿದರು. ತಲೆಗೆ ಅಡ್ಡ ಹಿಡಿದ ಕೈಯ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯ ಏಟು ಭುಜಕ್ಕೆ. ಬಿದ್ದವನ ಪಕ್ಕೆಗೆ ಒದ್ದರು. ಹಾಸಿದ್ದ ಬಿಳಿ ಬಟ್ಟೆಯ ಮೇಲೆ ನನ್ನ ಮೂಗಿನ ರಕ್ತ ಸುರಿಯಿತು. ಕೊಲ್ಲುತ್ತಾರೆ ಎಂದೇ ಅಂದುಕೊಂಡೆ.

ಕೂಗಾಟ ಕೇಳಿ ಅಕ್ಕ ಮೆಟ್ಟಿಲಿಳಿದು ಓಡಿ ಬಂದಳು. ಅವರನ್ನು ದೂಡಿ ನನ್ನ ಪಕ್ಕ ಕುಳಿತಳು. ನಾನು ಬಿಕ್ಕುತ್ತ ಕಂಬದ ವಿಷಯ ಹೇಳಿದೆ.

"ಕಂಬ ತೆಗೆದರೆ ಹೀಗಾಗ್ತದೆ ಅಂತ ನಿಮಗೆ ಗೊತ್ತಿತ್ತಾ?" ಅಕ್ಕ ಗಂಡನನ್ನು ಕೇಳಿದಳು.

"ನಮ್ಮಲ್ಲಿ ಎಂತ ಭೂಕಂಪ? ಕಂಬ ತೆಗೆಯುವುದು ಬೇಡ ಅಂತ ಕಂಟ್ರಾಕ್ಟರ್ ಅಂದಿದ್ದ, ಅಷ್ಟೇ."

ಅಕ್ಕ ಎದ್ದು ಕೊಕ್ಕೆ ಕಿತ್ತುಕೊಂಡಳು. ನಾನು ಕಣ್ಣು ಮುಚ್ಚಿದೆ. ಅವಳು ಹೊಡೆದದ್ದು ಅಂಗಡಿಯ ಎದುರಿನ ಗಾಜಿಗೆ. ಒಂದರ ಮೇಲೊಂದು ಏಟು ಹಾಕಿ ಇಡೀ ಗಾಜನ್ನು ಪುಡಿ ಮಾಡಿದಳು. "ಮಕ್ಕಳು ಮಲಗುವುದು ಇದರ ಮೇಲೆ! ಇದರ ಮೇಲೆ!" ಎಂದು ಕಿರುಚುತ್ತಿದ್ದಳು. ಅವಳ ಅಂಗೈ ಸೀಳಿ ರಕ್ತ ಇಳಿಯುತ್ತಿತ್ತು. ಭಾವ ಗೋಡೆಗೆ ಒರಗಿದವರು ಅಲುಗಲಿಲ್ಲ.

ಆ ಸಂಜೆ ಬಾಡಿಗೆಯವರ ಬಾಗಿಲು ತಟ್ಟಿ ವಿಷಯ ಹೇಳಿದವಳು ಅವಳೇ. ವಾರದೊಳಗೆ ಎಲ್ಲರೂ ಖಾಲಿ ಮಾಡಿದರು. ಅವಳು ಮಕ್ಕಳೊಂದಿಗೆ ನಮ್ಮಲ್ಲಿಗೆ ಬಂದಳು. ನನ್ನ ಕೈಗೆ ಆಸ್ಪತ್ರೆಯಲ್ಲಿ ಪ್ಲೇಟ್ ಹಾಕಿದರು. ಪೊಲೀಸರಿಗೆ ಹೇಳುವುದೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದಾಗ ಅಕ್ಕನೇ ಅಂದಳು: "ಕಂಪ್ಲೇಂಟ್ ಕೊಡು. ನಾನು ಕಂಡದ್ದನ್ನು ಹೇಳ್ತೇನೆ."

ಕೊಟ್ಟೆ. ಕೇಸು ಇನ್ನೂ ನಡೆಯುತ್ತಿದೆ. ಭಾವ ಅಂಗಡಿ ಮುಚ್ಚಿ, ಬುನಾದಿಯಿಂದಲೇ ಹೊಸ ಕಂಬ ಎಬ್ಬಿಸಿ, ಉಳಿದವನ್ನು ದಪ್ಪ ಮಾಡಿಸಿದರು. ಅದನ್ನು ಬೇರೆ ಎಂಜಿನಿಯರ್ ಪರೀಕ್ಷಿಸಿ ಒಪ್ಪಿದ ಮೇಲೆಯೇ ಅಕ್ಕ ಹಿಂತಿರುಗಿದಳು. ಭಾವ ಎದುರಾದರೆ ಇವತ್ತಿಗೂ ನನಗೆ ಸಿಟ್ಟೂ ಹೆದರಿಕೆಯೂ ಒಟ್ಟಿಗೇ ಬರುತ್ತವೆ. ಅವರು ಮುಖ ತಿರುಗಿಸಿ ಹೋಗುತ್ತಾರೆ.