ಟೋಪಿಯ ಒಳಪಟ್ಟಿ

ಸತ್ತವರ ತಲೆಬೆವರಿನ ವಾಸನೆ ಹೇಗಿರುತ್ತದೆಂದು ನನ್ನನ್ನು ಕೇಳಿ. ಇಪ್ಪತ್ತೆಂಟು ವರ್ಷದಿಂದ ನಮ್ಮ ಜಗಲಿಯ ತುಂಬ ಅದೇ. ನನ್ನ ಗಂಡ ನೇಮಿಚಂದ್ರರಿಗೆ ಹಳೆಯ ಟೋಪಿಗಳ ಹುಚ್ಚು. ಕಾಫಿ, ಮೆಣಸಿನ ತೋಟ ನೋಡಿಕೊಂಡು ನಮ್ಮೂರು ಪನಮರಂನಲ್ಲಿ ತಣ್ಣಗಿರಬೇಕಾದ ಮನುಷ್ಯ ಎಸ್ಟೇಟ್ ಬಂಗಲೆಗಳ ಅಟ್ಟ, ಗುಜರಿ ಅಂಗಡಿಗಳ ಮೂಲೆ ಕೆದಕುತ್ತಾರೆ. ದೊರೆಗಳ ಬೆಂಡಿನ ಟೋಪಿಯಂತೆ, ಯಾರದೋ ಬೇಟೆಯ ಹ್ಯಾಟಂತೆ. ಒಂದರಲ್ಲಿ ಇಲಿ ಮರಿ ಹಾಕಿತ್ತು. ಥೂ!

"ಅಂಚು ನೋಡು ಗುಣಾ, ಕೈಹೊಲಿಗೆ. ಈಗ ಯಾರಿಗೆ ಬರ್ತದೆ?" ಎಂದು ನನ್ನ ಮೂಗಿನ ಹತ್ತಿರವೇ ಹಿಡಿಯುತ್ತಾರೆ. ರಿಬ್ಬನ್ನು ಸವರುತ್ತಾರೆ, ನೆತ್ತಿಯ ಮಡಿಕೆಯನ್ನು ಬೆರಳಿನಿಂದ ಎಬ್ಬಿಸುತ್ತಾರೆ. ನನ್ನ ಕೆನ್ನೆಯನ್ನು ಒಂದು ದಿನ ಹಾಗೆ ಸವರಿದವರಲ್ಲ.

ಎಷ್ಟು ತಂದರೂ ಅವರು ನಿಜವಾಗಿ ಹುಡುಕುತ್ತಿದ್ದುದು ಒಂದೇ ಒಂದನ್ನು. ಇವರಿಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಮಾವ ಪದ್ಮಯ್ಯನವರು ತೀರಿಕೊಂಡರು. ಅತ್ತೆ ಅವರ ಬಟ್ಟೆಬರೆಯ ಜೊತೆ ಬೂದು ಹ್ಯಾಟನ್ನೂ ಯಾರಿಗೋ ಕೊಟ್ಟುಬಿಟ್ಟರು. ಅಪ್ಪನದೆಂದು ಮುಟ್ಟಿನೋಡಲು ಇವರಿಗೆ ಮತ್ತೇನೂ ಉಳಿದಿಲ್ಲ, ಒಂದು ಫೋಟೊ ಕೂಡ. ಹ್ಯಾಟಿನೊಳಗೆ ಹೆಸರು ಬರೆದಿತ್ತೆಂಬುದೊಂದು ನೆನಪು. ಅದಕ್ಕೇ ಯಾವ ಟೋಪಿ ಬಂದರೂ ಮೊದಲು ಒಳಬಟ್ಟೆ ನೋಡುತ್ತಾರೆ. ಹೆಸರಿಲ್ಲದಿದ್ದರೆ ನನ್ನ ಕೈಗೆ.

ಟೋಪಿಯ ಒಳಗೆ ಹಣೆಗೆ ತಾಗುವಲ್ಲಿ ಸುತ್ತಲೂ ಚರ್ಮದ ಪಟ್ಟಿಯಿರುತ್ತದೆ. ನಾವು ಜೈನರು, ನೀರನ್ನೂ ಸೋಸಿ ಕುಡಿಯುವವರು. ಚರ್ಮ ಹೊಸಿಲು ದಾಟುವಂತಿಲ್ಲ. ಅಂಗಳದಲ್ಲಿ ಕೂತು ಅದನ್ನು ಕತ್ತರಿಸಿ, ಗುಂಡಿಗೆ ಹಾಕಿ, ಸ್ನಾನ ಮಾಡಿ ಒಳಗೆ ಹೋಗುವುದು ನನ್ನ ಕರ್ಮ. ಹಾಗೆ ಕಿತ್ತರೆ ಟೋಪಿ ಹಾಳಾಯಿತೆಂದು ಪುಲ್ಪಳ್ಳಿಯ ಗುಜರಿ ಅಂಗಡಿಯ ಷಿಬು ತಲೆ ಚಚ್ಚಿಕೊಳ್ಳುತ್ತಾನೆ. "ಅಪ್ಪನೂ ತಮ್ಮ ಹ್ಯಾಟಿನ ಪಟ್ಟಿ ಕಿತ್ತೇ ಹಾಕಿರ್ತಾರೆ. ಅವರ ಶಿಸ್ತು ನಿಂಗೆ ಗೊತ್ತಿಲ್ಲ" ಎನ್ನುತ್ತಾರೆ ಇವರು.

ಕಳೆದ ತಿಂಗಳು ಷಿಬು ಫೋನ್ ಮಾಡಿದ. ಇವರು ಬಸ್ಸು ಹತ್ತಿ ಹೋಗಿ ಬೂದು ಹ್ಯಾಟೊಂದನ್ನು ತಂದರು. ಒಳಬಟ್ಟೆಯಲ್ಲಿ ಜಿರಲೆಯ ಹಿಕ್ಕೆ ಬಿಟ್ಟರೆ ಏನೂ ಇರಲಿಲ್ಲ. "ಇದೂ ಅಲ್ಲ" ಎಂದು ಜಗಲಿಯಲ್ಲಿ ಕುಸಿದು ಕೂತರು.

"ಸಾಕು ಮಾಡಿ ಮಾರಾಯ್ರೆ. ಅರವತ್ತೆರಡಾಯ್ತು ನಿಮಗೆ" ಎಂದು ಬೈಯುತ್ತಲೇ ಕತ್ತರಿ ಎತ್ತಿಕೊಂಡೆ.

ಪಟ್ಟಿ ಬೆವರು ಕುಡಿದು ಕಪ್ಪಗೆ, ಅಂಟಂಟಾಗಿತ್ತು. ಮೂರು ತುಂಡು ಮಾಡಿದೆ. ಒಂದು ತುಂಡು ಮಗುಚಿ ಬಿತ್ತು. ಹಿಂಬದಿಯಲ್ಲಿ ಶಾಯಿ. ಕನ್ನಡ ಅಕ್ಷರ! ಪಕ್ಕದ ತುಂಡನ್ನೂ ಮಗುಚಿದೆ. ಪದ್ಮಯ್ಯ, ಪನಮರಂ.

ಸುಳ್ಳೇಕೆ, ಗುಂಡಿಗೆ ಹಾಕಿ ಸುಮ್ಮನಾಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅಪ್ಪನೆಂದರೆ ದೇವರು ಇವರಿಗೆ. ಆದರೂ ಕರೆದೆ.

ಇವರು ಬಂದು, ಬಗ್ಗಿ ಓದಿದರು. "ಅಪ್ಪ ಇದನ್ನ ಹಣೆಗೆ ಒತ್ಕೊಂಡು ತಿರುಗ್ತಿದ್ರಾ?" ಮುಖ ಕಿವುಚಿಹೋಯಿತು. ಬೇಲಿಯ ಹತ್ತಿರ ಹೋಗಿ ಕಾರಿಕೊಂಡು ಬಂದರು. ಬಾಯಿ ಮುಕ್ಕಳಿಸಿ, ನೆಲಕ್ಕೆ ಕೂತು, ಮೂರೂ ತುಂಡುಗಳನ್ನು ಬರಿಗೈಯಲ್ಲಿ ಎತ್ತಿ ಜೋಡಿಸತೊಡಗಿದರು.

ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಎರಡು ಸಲ ಕರೆದೆ, ಏಳಲಿಲ್ಲ.

"ಮತ್ತೆ ಹೊಲಿಯೋಕೆ ಬರ್ತದಾ, ಗುಣಾ?"

ಸೂಜಿಗೆ ದಾರ ಪೋಣಿಸಿದೆ. ಥೂ ಥೂ ಎನ್ನುತ್ತಲೇ ಹೊಲಿದುಕೊಟ್ಟೆ.